ಲೈಬ್ರರಿ ಬೀರುವಿನ ಬೀಗದ ಕೈ: ಶಾಲಾ ಗ್ರಂಥಾಲಯ ನೋಡಿಕೊಳ್ಳುವವರಿಗೆ ಯಾವ ತರಬೇತಿ ಇದೆ, ಏನಿಲ್ಲ?

ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು, ನಾಲ್ಕು ಜನ ಗೆಳೆಯರು ಸೇರಿಕೊಂಡು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಲೈಬ್ರರಿಯನ್ನು 'ಉದ್ಧಾರ' ಮಾಡೋಕೆ ಹೋಗಿದ್ವಿ. ಆರು ಶನಿವಾರ ಕೂತು ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಧೂಳು ಹೊಡೆದು, ಎಣಿಸಿ, ಬಾರ್‌ಕೋಡ್ ಅಂಟಿಸಿ, ಹಳೇ ಕಂಪ್ಯೂಟರ್ ಒಂದರಲ್ಲಿ ಸಾಫ್ಟ್‌ವೇರ್ ಹಾಕಿಕೊಟ್ವಿ. ಫೋಟೊ ತೆಗೆಸಿಕೊಂಡ್ವಿ. ಒಂದು ವರ್ಷ ಬಿಟ್ಟು ಆ ಕಡೆ ಹೋದಾಗ ಕುತೂಹಲಕ್ಕೆ ಅದೇ ಕಂಪ್ಯೂಟರ್ ಆನ್ ಮಾಡಿದೆ. ಕೊನೆಯದಾಗಿ ಪುಸ್ತಕ ಕೊಟ್ಟ ದಾಖಲೆ ನಾವೇ ಡೆಮೊಗೆ ಅಂತ ಹಾಕಿದ್ದು. ಅದಾದ ಮೇಲೆ ಒಂದೂ ಇಲ್ಲ.

ಲೈಬ್ರರಿಯ ಉಸ್ತುವಾರಿ ಇದ್ದದ್ದು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಮೇಡಂಗೆ. ನಾನು ಸ್ವಲ್ಪ ದರ್ಪದಲ್ಲೇ ಕೇಳಿದೆ ಅಂತ ಈಗ ಅನ್ನಿಸುತ್ತೆ. ಅವರು ಸಿಟ್ಟಾಗಲಿಲ್ಲ. "ಸರ್, ನೀವು ಪುಸ್ತಕ ಎಣಿಸೋದು ಹೇಳಿಕೊಟ್ರಿ. ಮಕ್ಕಳ ಕೈಗೆ ಹೆಂಗೆ ಕೊಡೋದು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಕೊಟ್ಟು, ಕಳೆದೋದ್ರೆ ಯಾರ್ ಕಟ್ತಾರೆ?" ಅಂದರು.

ಈ ಎರಡು ವಾಕ್ಯಗಳಿಗೆ ಸರಿಯಾದ ಉತ್ತರ ಹುಡುಕೋಕೆ ನನಗೆ ತುಂಬಾ ವರ್ಷ ಬೇಕಾಯ್ತು. ಸಿಕ್ಕಿದ್ದನ್ನ ಒಂದೇ ಕಡೆ ಇಡೋಣ ಅಂತ ಈ ಬರಹ. ನಿಮ್ಮ ಮನೇಲಿ ಯಾರಾದರೂ ಶಿಕ್ಷಕರಿದ್ದರೆ, ನಿಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿ ಗೊತ್ತಿರೋರು ಇದ್ದರೆ, ಅಥವಾ ಹಳೇ ವಿದ್ಯಾರ್ಥಿಗಳ ಸಂಘದವರು ಸೇರಿ ಶಾಲೆಗೆ ಪುಸ್ತಕ ಕೊಡಿಸೋ ಯೋಚನೆಯಲ್ಲಿದ್ದರೆ, ಇದು ಕೆಲಸಕ್ಕೆ ಬರಬಹುದು.

ಕಾನೂನಿನಲ್ಲಿ ಕೋಣೆ ಇದೆ, ಮನುಷ್ಯ ಇಲ್ಲ

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆ ಅಂದಮೇಲೆ ಏನೇನಿರಬೇಕು ಅನ್ನೋ ಪಟ್ಟಿ ಅದು. ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು. ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕ ಇರಬೇಕು ಅಂತ ಸ್ಪಷ್ಟವಾಗಿ ಹೇಳುತ್ತೆ. ಅದೇ ಅನುಸೂಚಿಯಲ್ಲಿ ಸಿಬ್ಬಂದಿಯ ಪಟ್ಟಿಯೂ ಇದೆ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು, ಜೊತೆಗೆ ಚಿತ್ರಕಲೆ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು. ಗ್ರಂಥಪಾಲಕರ ಹೆಸರು ಎಲ್ಲೂ ಇಲ್ಲ. ಪುಸ್ತಕ ತಾನಾಗಿಯೇ ಬೀರುವಿನಿಂದ ಎದ್ದು ಬಂದು ಮಗುವಿನ ಮಡಿಲಲ್ಲಿ ಕೂರುತ್ತೆ ಅಂತ ಕಾಯ್ದೆ ಬರೆದವರು ಅಂದುಕೊಂಡರೋ ಏನೋ.

ದುಡ್ಡು ಕೂಡ ಹಾಗೇ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಇದೆ. ಅದು ಪುಸ್ತಕಕ್ಕೆ. ಪುಸ್ತಕ ಕೊಡೋ ಮನುಷ್ಯನಿಗಲ್ಲ.

ಇದೇನೂ ಹೊಸ ಕಾಯಿಲೆ ಅಲ್ಲ. 1952-53ರ ಮಾಧ್ಯಮಿಕ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದವರು ಎ. ಲಕ್ಷ್ಮಣಸ್ವಾಮಿ ಮುದಲಿಯಾರ್. ಬಹುಪಾಲು ಶಾಲೆಗಳಲ್ಲಿ ಲೈಬ್ರರಿ ಅಂತ ಕರೆಯುವಂಥದ್ದೇ ಇಲ್ಲ, ಹಳೇ ಪುಸ್ತಕಗಳು ಕಳೆಗುಂದಿದ ಕೋಣೆಯಲ್ಲಿವೆ, ನೋಡಿಕೊಳ್ಳೋದು ಒಬ್ಬ ಗುಮಾಸ್ತ ಇಲ್ಲವೇ ಆಸಕ್ತಿಯಿಲ್ಲದ ಒಬ್ಬ ಶಿಕ್ಷಕ, ಅದೂ ಬಿಡುವಿನ ಕೆಲಸವಾಗಿ ಅಂತ ಆ ವರದಿ ಆಗಲೇ ಬರೆದಿತ್ತು. 70 ವರ್ಷದ ಹಿಂದಿನ ವರದಿ. ಇವತ್ತಿನ ತಾರೀಖು ಹಾಕಿ ಪ್ರಕಟಿಸಿದರೂ ಯಾರಿಗೂ ಅನುಮಾನ ಬರಲ್ಲ.

ಇನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ತರಬೇತಿ ಅಂತ ಅದರಲ್ಲಿ ಲೆಕ್ಕ ಇದೆ. ಗ್ರಂಥಾಲಯ ಸಿಬ್ಬಂದಿ ಬಗ್ಗೆಯೂ ಒಂದು ಸಾಲಿದೆ: ಸಾಕಷ್ಟು ಜನ ಬೇಕು, ಅವರಿಗೆ ಬಡ್ತಿಯ ದಾರಿ ಮತ್ತು ನಿರಂತರ ತರಬೇತಿ ಬೇಕು ಅಂತ. ಅಲ್ಲಿ ಗಂಟೆಯ ಲೆಕ್ಕ ಇಲ್ಲ. ಕರ್ನಾಟಕ ಎನ್‌ಇಪಿ ಬೇಡ ಅಂದಿದ್ದು, ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಬೇರೆ ಆಯೋಗ ಮಾಡಿದ್ದು ನಿಮಗೆ ಗೊತ್ತೇ ಇದೆ. ಭಾಷೆ, ನಾಲ್ಕು ವರ್ಷದ ಪದವಿ ಅಂತ ನಾವೆಲ್ಲ ಕಾದಾಡಿದ್ವಿ, ಕಾದಾಡಬೇಕಾದದ್ದೇ. ಲೈಬ್ರರಿ ಬಗ್ಗೆ ಮಾತ್ರ ಯಾವ ಕಡೆಯಿಂದಲೂ ಒಂದು ಘೋಷಣೆ ಕೂಗಿದ್ದು ನಾನು ಕೇಳಲಿಲ್ಲ.

ಡಿಗ್ರಿ ಇದ್ದರೆ ಸಾಕಾ?

ಗ್ರಂಥಪಾಲಕರಾಗೋಕೆ ಇರುವ ರಾಜಮಾರ್ಗ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಪದವಿ. ಬಿ.ಲಿಬ್, ಎಂ.ಲಿಬ್ ಅಂತ ನಾವು ಕರೆಯೋದು. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದರ ವಿಭಾಗಗಳಿವೆ. ಕೆಲಸದಲ್ಲಿದ್ದುಕೊಂಡು ಓದೋರು ಇಗ್ನೋ ಮೂಲಕ ಬಿ.ಲಿಬ್ ಮಾಡ್ತಾರೆ, ಪಿಯುಸಿ ಆದವರಿಗೆ ಅಲ್ಲೇ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ಕೇಂದ್ರೀಯ ವಿದ್ಯಾಲಯದಲ್ಲಿ ಗ್ರಂಥಪಾಲಕರ ಹುದ್ದೆಗೆ ಗ್ರಂಥಾಲಯ ವಿಜ್ಞಾನದ ಪದವಿ ಇಲ್ಲವೇ ಡಿಪ್ಲೊಮಾ ಬೇಕೇ ಬೇಕು. ಅಂದರೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳು ಹೆಚ್ಚಾಗಿ ಓದೋ ಶಾಲೆಗೆ ತರಬೇತಾದ ಗ್ರಂಥಪಾಲಕ ಸಿಗ್ತಾರೆ. ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ 'ಪುಸ್ತಕ ನೀವೇ ನೋಡ್ಕೊಳ್ಳಿ' ಅನ್ನಿಸಿಕೊಂಡ ಒಬ್ಬ ಶಿಕ್ಷಕಿ.

ಆದರೆ ಈ ಪದವಿಯಲ್ಲೂ ಒಂದು ಕೊರತೆ ಇದೆ. ಅಲ್ಲಿ ಹೆಚ್ಚು ಕಲಿಸೋದು ವರ್ಗೀಕರಣ, ಸೂಚೀಕರಣ, ದತ್ತಾಂಶ, ಆಡಳಿತ. ಸಂಶೋಧನಾ ವಿದ್ಯಾರ್ಥಿಗೆ ಬೇಕಾದ ಪ್ರಬಂಧ ಹುಡುಕಿಕೊಡೋಕೆ ಇದು ಅಗತ್ಯ. ಎರಡನೇ ಕ್ಲಾಸಿನ ಮಗು ಬಂದು 'ಮಿಸ್, ದೆವ್ವದ್ ಬುಕ್ ಐತಾ?' ಅಂತ ಕೇಳಿದರೆ ಡ್ಯೂಯಿ ದಶಮಾಂಶ ಪದ್ಧತಿ ಅಷ್ಟೇನೂ ಸಹಾಯಕ್ಕೆ ಬರಲ್ಲ. ಬೇಕಾಗೋದು ಆ ಬೀರುವಿನಲ್ಲಿರೋ ಪುಸ್ತಕ ಓದಿರೋ ಒಬ್ಬರು.

ಈ ವಿಷಯದಲ್ಲಿ ಎಸ್.ಆರ್. ರಂಗನಾಥನ್ ಅವರ ಕತೆ ನನಗೆ ಬಹಳ ಇಷ್ಟ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತೀವಲ್ಲ, ಅವರು ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕವಾದಾಗ ಅವರಿಗೆ ಈ ಕೆಲಸದ ತರಬೇತಿ ಏನೂ ಇರಲಿಲ್ಲ. ಶುರುವಿನಲ್ಲಿ ಬೇಜಾರಾಗಿ ವಾಪಸ್ ಪಾಠ ಮಾಡೋಕೆ ಹೋಗ್ತೀನಿ ಅಂದಿದ್ದರು. ಆಮೇಲೆ ಲಂಡನ್ನಿಗೆ ಹೋಗಿ ಕಲಿತು, ಅಲ್ಲಿನ ಊರೂರ ಲೈಬ್ರರಿ ನೋಡಿ ಬಂದರು. 1929ರಲ್ಲಿ ಮದ್ರಾಸಿನಲ್ಲಿ ಬೇರೆಯವರಿಗೆ ತರಬೇತಿ ಶುರು ಮಾಡಿದರು. 1931ರಲ್ಲಿ ಅವರ ಐದು ಸೂತ್ರಗಳ ಪುಸ್ತಕ ಬಂತು. ಪುಸ್ತಕ ಇರೋದು ಕಾಯೋಕಲ್ಲ, ಬಳಸೋಕೆ ಅನ್ನೋದು ಮೊದಲ ಸೂತ್ರದ ತಿರುಳು. ಯುರೋಪಿನಲ್ಲಿ ಹಿಂದೆ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟುತ್ತಿದ್ದ ಕಾಲವನ್ನು ಅವರು ಅಲ್ಲಿ ಉದಾಹರಿಸುತ್ತಾರೆ. ನಮ್ಮಲ್ಲಿ ಸರಪಳಿ ಇಲ್ಲ, ಗೋದ್ರೆಜ್ ಬೀಗ ಇದೆ. ಕೊನೆಗಾಲದಲ್ಲಿ ಅವರು ಇದ್ದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಗಸ್ಟ್ 12, ಅವರ ಹೆಸರಿನ ಗ್ರಂಥಪಾಲಕರ ದಿನ, ಶಾಲೆಗಳಲ್ಲೂ ಫೋಟೊಗೆ ಹಾರ ಹಾಕ್ತಾರೆ. ಬೀಗ ಮಾತ್ರ ತೆಗೆಯಲ್ಲ.

ಮಕ್ಕಳ ಲೈಬ್ರರಿಗೇ ಅಂತ ಇರುವ ಕೋರ್ಸ್

ಮೇಡಂ ಕೇಳಿದ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುವ ಕೋರ್ಸು ನನಗೆ ಗೊತ್ತಿರೋದರಲ್ಲಿ ಟಾಟಾ ಟ್ರಸ್ಟ್ಸ್‌ನ ಪರಾಗ್ ನಡೆಸುವ ಲೈಬ್ರರಿ ಎಜುಕೇಟರ್ಸ್ ಕೋರ್ಸ್. ಸುಮಾರು ಏಳು ತಿಂಗಳದ್ದು. ಕೆಲವು ದಿನ ಮುಖಾಮುಖಿ ತರಗತಿ, ಉಳಿದದ್ದು ದೂರದಿಂದ, ನಡುವೆ ತಮ್ಮದೇ ಲೈಬ್ರರಿಯಲ್ಲಿ ಮಾಡಬೇಕಾದ ಪ್ರಾಜೆಕ್ಟ್. ಇದನ್ನು ರೂಪಿಸಿದ್ದರಲ್ಲಿ ಗೋವಾದ ಬುಕ್‌ವರ್ಮ್ ಸಂಸ್ಥೆಯ ಪಾಲು ದೊಡ್ಡದು. ಸುಜಾತಾ ನೊರೊನ್ಹಾ ಅವರು 2005ರಲ್ಲಿ ಗೆಳತಿಯ ಜೊತೆ ಶುರು ಮಾಡಿದ ಮಕ್ಕಳ ಲೈಬ್ರರಿ ಅದು.

ಅಲ್ಲಿ ಕಲಿಸೋದು ಏನು? ಗಟ್ಟಿಯಾಗಿ ಓದಿ ಹೇಳೋದು ಹೇಗೆ, ಒಳ್ಳೇ ಮಕ್ಕಳ ಪುಸ್ತಕ ಆರಿಸೋದು ಹೇಗೆ, ಓದಿದ ಮೇಲೆ ಮಾತಾಡೋದು ಹೇಗೆ. ಕೇಳೋಕೆ ಇಷ್ಟೇನಾ ಅನ್ನಿಸುತ್ತೆ. ಒಂದು ಉದಾಹರಣೆ ಕೊಡ್ತೀನಿ. ಬ್ರಿಟನ್ನಿನ ಬರಹಗಾರ ಏಡನ್ ಚೇಂಬರ್ಸ್, ಮಕ್ಕಳ ಜೊತೆ ಪುಸ್ತಕದ ಬಗ್ಗೆ ಮಾತಾಡೋಕೆ ನಾಲ್ಕು ಮೂಲ ಪ್ರಶ್ನೆಗಳನ್ನು ಸೂಚಿಸಿದ್ದಾರೆ. ಏನು ಇಷ್ಟ ಆಯ್ತು, ಏನು ಇಷ್ಟ ಆಗಲಿಲ್ಲ, ಏನು ಗೊಂದಲ ಆಯ್ತು, ಯಾವುದು ಮತ್ತೆ ಮತ್ತೆ ಬಂದಂಗೆ ಕಾಣಿಸ್ತು. ಅಷ್ಟೇ. ಈ ಪಟ್ಟಿಯಲ್ಲಿ 'ಈ ಕಥೆಯ ನೀತಿ ಏನು?' ಇಲ್ಲ. ನಾವು ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಇದು ಎಂಥಾ ಬಿಡುಗಡೆ ಅಂತ ಗೊತ್ತಾಗುತ್ತೆ. ಇಷ್ಟ ಆಗಲಿಲ್ಲ ಅಂತ ಹೇಳೋ ಹಕ್ಕು ಆರನೇ ಕ್ಲಾಸಿನಲ್ಲೇ ಸಿಕ್ಕಿದ್ದರೆ, ನಮ್ಮಲ್ಲಿ ಎಷ್ಟೋ ಜನ ದೊಡ್ಡವರಾದ ಮೇಲೆ ವಾಟ್ಸಾಪ್ ಫಾರ್ವರ್ಡಿಗೂ ಎದುರು ಪ್ರಶ್ನೆ ಹಾಕ್ತಿದ್ದರು.

ಇನ್ನೊಂದು, ಅಮೆರಿಕದ ಶಿಕ್ಷಣ ತಜ್ಞೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ ಮಾತು. ಪುಸ್ತಕ ಕೆಲವು ಮಕ್ಕಳಿಗೆ ಬೇರೆ ಲೋಕ ತೋರಿಸೋ ಕಿಟಕಿ, ಕೆಲವರಿಗೆ ತಮ್ಮನ್ನೇ ಕಾಣಿಸೋ ಕನ್ನಡಿ ಅನ್ನೋ ಹೋಲಿಕೆ ಅದು. ಕಪ್ಪು ಮಕ್ಕಳಿಗೆ ಕನ್ನಡಿಯೇ ಸಿಗದ ಬಗ್ಗೆ ಅವರು ಬರೆದದ್ದು. ನಿಮ್ಮೂರ ಶಾಲೆಯ ಬೀರು ತೆಗೆದು ನೋಡಿ. ಲಂಬಾಣಿ ತಾಂಡಾದ ಹುಡುಗಿಗೆ, ಬೀಡಿ ಕಟ್ಟೋ ತಾಯಿಯ ಮಗನಿಗೆ, ಹೊಲಗೇರಿಯಿಂದ ಬರೋ ಮಗುವಿಗೆ ಅಲ್ಲಿ ಎಷ್ಟು ಕನ್ನಡಿ ಇವೆ ಅಂತ ಲೆಕ್ಕ ಹಾಕಿ. ರಾಜಕುಮಾರರ ಕತೆ, ಮಹಾಪುರುಷರ ಜೀವನಚರಿತ್ರೆ ರಾಶಿ ಸಿಗುತ್ತೆ. ಯಾವ ಪುಸ್ತಕ ಕೊಳ್ಳಬೇಕು ಅನ್ನೋದು ರಾಜಕೀಯ ಪ್ರಶ್ನೆ; ಅದನ್ನು ಗುರುತಿಸೋ ಕಣ್ಣು ಬರೋದು ತರಬೇತಿಯಿಂದ.

ಈ ಕೋರ್ಸಿನ ಬಗ್ಗೆ ನನಗಿರೋ ತಕರಾರು ಭಾಷೆಯದ್ದು. ಅದು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆದುಕೊಂಡು ಬಂದಿದೆ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪಾಠ ಮಾಡೋ ಶಿಕ್ಷಕಿ ಏಳು ತಿಂಗಳು ಇಂಗ್ಲಿಷಿನಲ್ಲಿ ಅಸೈನ್‌ಮೆಂಟ್ ಬರೀಬೇಕು ಅಂದರೆ ಅರ್ಧ ಜನ ಅರ್ಜಿ ಹಾಕೋ ಮೊದಲೇ ಹಿಂದೆ ಸರೀತಾರೆ. ಖಾಸಗಿ ಟ್ರಸ್ಟೊಂದು ಎಷ್ಟು ಮಾಡಬಹುದೋ ಅಷ್ಟು ಮಾಡಿದೆ. ಇದನ್ನು ಕನ್ನಡದಲ್ಲಿ, ಸಂಬಳ ಸಹಿತ ರಜೆಯಲ್ಲಿ, ಡಯಟ್‌ಗಳ ಮೂಲಕ ಕೊಡಬೇಕಾದ್ದು ಸರ್ಕಾರ.

ಬೆಂಗಳೂರಿನ ಹಿಪ್ಪೊಕ್ಯಾಂಪಸ್ ರೀಡಿಂಗ್ ಫೌಂಡೇಶನ್ನಿನ ದಾರಿ ಬೇರೆ. ಅವರು ಪುಸ್ತಕಗಳನ್ನು ಓದಿನ ಮಟ್ಟದ ಪ್ರಕಾರ ಆರು ಬಣ್ಣ ಮಾಡ್ತಾರೆ: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ. ಮಗು ಒಂದೊಂದೇ ಬಣ್ಣ ದಾಟಿ ಮುಂದೆ ಹೋಗುತ್ತೆ. ತರಬೇತಿ ಇಲ್ಲದ ಶಿಕ್ಷಕರಿಗೂ ಬೇಗ ಕೈಗೆ ಹತ್ತೋ ಪದ್ಧತಿ ಇದು, ಬೀರುವಿನ ಮುಂದೆ ನಿಂತು ತಲೆ ಕೆರೆದುಕೊಳ್ಳೋದು ತಪ್ಪುತ್ತೆ. ಏಳನೇ ಕ್ಲಾಸಿನ ಹುಡುಗ ಇನ್ನೂ ಹಸಿರಿನಲ್ಲೇ ಇದ್ದರೆ ಅವನಿಗಾಗೋ ಮುಜುಗರದ ಬಗ್ಗೆ ಹುಷಾರಾಗಿರಬೇಕು ಅಷ್ಟೇ.

ಪುಸ್ತಕ ಕಳೆದರೆ?

ಈಗ ಎರಡನೇ ಪ್ರಶ್ನೆ. ನನ್ನ ಪ್ರಕಾರ ಇದೇ ನಿಜವಾದ ಬೀಗ. ಆಡಿಟ್ ಭಯ. ಪುಸ್ತಕ ಅಂದರೆ ದಾಸ್ತಾನು ವಹಿಯಲ್ಲಿರೋ ಸರ್ಕಾರಿ ಸ್ವತ್ತು. ಬೆಂಚು, ಗಂಟೆ, ಪಾತ್ರೆಯ ಹಾಗೆ. ವರ್ಗಾವಣೆ ಆಗುವಾಗ ಚಾರ್ಜ್ ಕೊಡಬೇಕು, ಲೆಕ್ಕ ಸರಿಹೋಗಬೇಕು. ಕೊಡದೇ ಇದ್ದರೆ ಯಾರೂ ನೋಟಿಸ್ ಕೊಡಲ್ಲ. ಕೊಟ್ಟು ಕಳೆದರೆ ಕೇಳ್ತಾರೆ. ಇಂಥ ವ್ಯವಸ್ಥೆಯಲ್ಲಿ ಬುದ್ಧಿವಂತರು ಯಾರೇ ಆದರೂ ಬೀಗ ಹಾಕ್ತಾರೆ.

ಪ್ರತಿ ತರಬೇತಿಯ ಮೊದಲ ದಿನವೇ ಹೇಳಿಕೊಡಬೇಕಾದ ಒಂದು ನಿಯಮ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ. ವರ್ಷದಲ್ಲಿ ಓದೋಕೆ ಕೊಟ್ಟ ಅಥವಾ ಬಳಸಿದ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ ಅಥವಾ ಬೇಜವಾಬ್ದಾರಿ ಕಾರಣ ಆಗಿರಬಾರದು ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಈ ಲೆಕ್ಕದ ಚಂದ ನೋಡಿ: ಎಣಿಸೋದು ಬೀರುವಿನಲ್ಲಿರೋ ಪುಸ್ತಕವನ್ನಲ್ಲ, ಹೊರಗೆ ಹೋದದ್ದನ್ನ. 800 ಪುಸ್ತಕ ಇರೋ ಶಾಲೆಯಲ್ಲಿ ವರ್ಷಕ್ಕೆ 4,000 ಸಲ ಪುಸ್ತಕ ಕೊಟ್ಟಿದ್ದರೆ 20 ಪುಸ್ತಕದ ನಷ್ಟ ಸಹಜ. ಒಂದನ್ನೂ ಕೊಡದ ಶಾಲೆಗೆ ಒಂದು ಪುಸ್ತಕದ ರಿಯಾಯಿತಿಯೂ ಇಲ್ಲ. ಹೆಚ್ಚು ಕೊಟ್ಟವರಿಗೆ ಹೆಚ್ಚು ರಕ್ಷಣೆ.

ಇದು ಕೇಂದ್ರದ ನಿಯಮ, ನಮ್ಮ ರಾಜ್ಯದ ಶಾಲೆಗಳಿಗೆ ನೇರವಾಗಿ ಅನ್ವಯ ಆಗಲ್ಲ ಅನ್ನೋದನ್ನೂ ಹೇಳಬೇಕು. ಆದರೆ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನೇ ಮಾದರಿ ಇಟ್ಟುಕೊಂಡು ಒಂದು ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ ಉಸ್ತುವಾರಿ ಶಿಕ್ಷಕರಿಗೆ ಒಂದು ಆಸರೆ ಆಗುತ್ತೆ. ಶಿಕ್ಷಣ ಇಲಾಖೆ ಎರಡು ಸಾಲಿನ ಸುತ್ತೋಲೆ ಹೊರಡಿಸಿದರೆ ಇನ್ನೂ ಒಳ್ಳೇದು. ಖರ್ಚಿಲ್ಲದ ಸುಧಾರಣೆ.

ಹಳೇ ಪುಸ್ತಕ ತೆಗೆದು ಹಾಕೋದೂ ಇದೇ ಭಯದ ಇನ್ನೊಂದು ಮುಖ. ಯಾವುದೋ ಕಾಲದ ಗೈಡು, ಇಲಾಖೆಯ ವರದಿ, ಗೆದ್ದಲು ಹಿಡಿದ ಕಟ್ಟು ಎಲ್ಲ ಸೇರಿಕೊಂಡು ಒಳ್ಳೇ ಪುಸ್ತಕ ಕಣ್ಣಿಗೇ ಬೀಳಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ ಗ್ರಂಥಾಲಯ ರೂಪಿಸಿದ 'ಕ್ರೂ' ಅನ್ನೋ ಕೈಪಿಡಿ ಉಚಿತವಾಗಿ ಸಿಗುತ್ತೆ. ತಪ್ಪು ಮಾಹಿತಿ ಇರೋದು, ಹರಿದು ಹೋದದ್ದು, ಹೊಸ ಆವೃತ್ತಿ ಬಂದಿರೋದು, ಹುರುಳಿಲ್ಲದ್ದು, ಮಕ್ಕಳಿಗೆ ಸಂಬಂಧ ಇಲ್ಲದ್ದು, ಬೇರೆ ಕಡೆ ಸುಲಭಕ್ಕೆ ಸಿಗೋದು: ಇವನ್ನು ತೆಗೀರಿ ಅನ್ನುತ್ತೆ. ಕಣ್ಣು ಮುಚ್ಚಿ ಪಾಲಿಸೋಕೂ ಹೋಗಬೇಡಿ. ಶಿವರಾಮ ಕಾರಂತರ 'ಬಾಲಪ್ರಪಂಚ'ದ ಹಳೇ ಸಂಪುಟ ಸಿಕ್ಕರೆ ಅದರ ವಿಜ್ಞಾನ ಹಳತಾಗಿರಬಹುದು. ಒಬ್ಬ ಮನುಷ್ಯ 1930ರ ದಶಕದಲ್ಲಿ ಕನ್ನಡದ ಮಕ್ಕಳಿಗೆ ಅಂತ ಕೂತು ವಿಶ್ವಕೋಶ ಮಾಡಿದ ಅಂತ ಮಕ್ಕಳಿಗೆ ತೋರಿಸೋಕಾದರೂ ಅದನ್ನು ಇಟ್ಟುಕೊಳ್ಳಿ.

ಕನ್ನಡದಲ್ಲಿ ಈಗಲೇ ಸಿಗೋದು

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ 2015ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. ಮುಕ್ತ ಪರವಾನಗಿಯ ಕಥೆಗಳು, ಕನ್ನಡದಲ್ಲೂ ಸಾಕಷ್ಟಿವೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಬಹುದು, ನೀವೇ ಅನುವಾದಿಸಬಹುದು. ನಿಮ್ಮೂರಿನ ಕನ್ನಡಕ್ಕೆ, ತುಳುವಿಗೆ, ಕೊಂಕಣಿಗೆ ಕತೆ ತರೋಕೆ ಇದಕ್ಕಿಂತ ಸುಲಭ ದಾರಿ ನಾನು ನೋಡಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಅನುವಾದ ಸಂಪದ'ದಲ್ಲಿ ಶಿಕ್ಷಣ ಕುರಿತ ಒಳ್ಳೇ ಲೇಖನಗಳ ಕನ್ನಡ ಅನುವಾದಗಳಿವೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಶಿಕ್ಷಕರೇ ಬೆಳೆಸಿದ್ದು. ದೀಕ್ಷಾ ಪೋರ್ಟಲ್ ಹೇಗೂ ಎಲ್ಲ ಶಿಕ್ಷಕರ ಫೋನಲ್ಲಿದೆ. ಪುಸ್ತಕ ಆರಿಸೋಕೆ 2020ರಿಂದ ಬರುತ್ತಿರುವ ಪರಾಗ್ ಆನರ್ ಲಿಸ್ಟ್ ಒಂದು ದಿಕ್ಸೂಚಿ, ಆದರೆ ಅದೂ ಇಂಗ್ಲಿಷ್, ಹಿಂದಿ ಪುಸ್ತಕಗಳದ್ದು. ಕನ್ನಡದ ಮಕ್ಕಳ ಪುಸ್ತಕಗಳಿಗೆ ಪ್ರತಿ ವರ್ಷ ಅಂಥದ್ದೊಂದು ಪಟ್ಟಿ ಮಾಡೋಕೆ ನಮ್ಮ ಪ್ರಾಧಿಕಾರ, ಅಕಾಡೆಮಿಗಳಿಗೆ ಯಾರು ಅಡ್ಡ ಬಂದಿದ್ದಾರೋ ಗೊತ್ತಿಲ್ಲ.

ಹೊರದೇಶದ್ದು ಬೇಕು ಅನ್ನೋರಿಗೆ: ಅಂತಾರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ ಇಫ್ಲಾದ ಶಾಲಾ ಗ್ರಂಥಾಲಯ ಮಾರ್ಗಸೂಚಿ, 2015ರ ಎರಡನೇ ಆವೃತ್ತಿ. ಉಚಿತ. ಶಾಲಾ ಗ್ರಂಥಪಾಲಕ ಅಂದರೆ ಅರ್ಧ ಶಿಕ್ಷಕ, ಅರ್ಧ ಗ್ರಂಥಾಲಯ ತಜ್ಞ, ಎರಡಕ್ಕೂ ತರಬೇತಿ ಬೇಕು ಅನ್ನೋದು ಅದರ ನಿಲುವು. ಸಾಫ್ಟ್‌ವೇರ್ ಬಗ್ಗೆ ನನ್ನನ್ನು ಈಗಲೂ ಕೇಳ್ತಾರೆ. ಕೊಹಾ, ಇ-ಗ್ರಂಥಾಲಯ ಎರಡೂ ಒಳ್ಳೇವೇ. 1,000 ಪುಸ್ತಕದ ಶಾಲೆಗೆ ಒಂದು ಉದ್ದ ನೋಟ್‌ಬುಕ್ಕು, ಒಂದು ಪೆನ್ನು, ಬರೆಯೋಕೆ ಇಬ್ಬರು ಏಳನೇ ಕ್ಲಾಸಿನ ಮಕ್ಕಳು ಸಾಕು. ಎಂಜಿನಿಯರ್ ಆಗಿ ಹೇಳ್ತಿದ್ದೀನಿ.

ಪಕ್ಕದ ಪಂಚಾಯಿತಿ ಲೈಬ್ರರಿ

ಕರ್ನಾಟಕಕ್ಕೆ ಒಂದು ಅನುಕೂಲ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟೋ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಇದೆ. ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ 'ಓದುವ ಬೆಳಕು' ಅಭಿಯಾನದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವು ಅರಿವು ಕೇಂದ್ರಗಳು. ಕೋವಿಡ್‌ನಲ್ಲಿ ಶಾಲೆ ಮುಚ್ಚಿದ್ದಾಗ ಎಷ್ಟೋ ಊರಲ್ಲಿ ಮಕ್ಕಳ ಕೈಗೆ ಪುಸ್ತಕ ಸಿಕ್ಕಿದ್ದು ಇಲ್ಲೇ. ಇಲ್ಲಿ ಮನುಷ್ಯ ಇದ್ದಾನೆ, ಶಾಲೆಯಲ್ಲಿ ಮಕ್ಕಳಿದ್ದಾರೆ. ಆದರೆ ಎರಡು ಇಲಾಖೆ, ಎರಡು ಬೇರೆ ತರಬೇತಿ. ಕ್ಲಸ್ಟರ್ ಸಮಾಲೋಚನಾ ಸಭೆಗೆ ಆ ಪಂಚಾಯಿತಿಯ ಗ್ರಂಥಪಾಲಕರನ್ನೂ ಕರೆದು ಕೂರಿಸೋಕೆ ಹೊಸ ಯೋಜನೆ ಏನೂ ಬೇಡ, ಸಿಆರ್‌ಪಿ ಮನಸ್ಸು ಮಾಡಿದರೆ ಸಾಕು. ಈ ಗ್ರಂಥಪಾಲಕರು ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಅನ್ನೋದನ್ನು ಮಾತ್ರ ಮರೆಯಬಾರದು. ಇನ್ನೊಂದು ಇಲಾಖೆಯ ಕೆಲಸವನ್ನೂ ಬಿಟ್ಟಿಯಾಗಿ ಅವರ ತಲೆಗೆ ಕಟ್ಟೋಕೆ ಇದು ನೆಪ ಆಗಬಾರದು.

ನನ್ನ ಅನುಮಾನ ಇರೋದೂ ಅಲ್ಲೇ. ಹುದ್ದೆ ಸೃಷ್ಟಿ ಮಾಡೋಕೆ ದುಡ್ಡು ಬೇಕು, ತರಬೇತಿಗೆ ಕಮ್ಮಿ ಸಾಕು. ಹಾಗಾಗಿ ಇರೋ ಶಿಕ್ಷಕರಿಗೆ ಎರಡು ದಿನ ಕಾರ್ಯಾಗಾರ ಮಾಡಿ, ಬ್ಯಾಗು, ಪ್ಯಾಡು, ಊಟ ಕೊಟ್ಟು, ಇನ್ಮೇಲೆ ನೀವೇ ಲೈಬ್ರೇರಿಯನ್ ಅಂತ ಕಳಿಸೋದು ಸರ್ಕಾರಕ್ಕೆ ಬಹಳ ಅಗ್ಗ. ಬಿಸಿಯೂಟ, ಮೊಟ್ಟೆ, ಗಣತಿ, ಆನ್‌ಲೈನ್ ಎಂಟ್ರಿ ನಡುವೆ ಅದೂ ಒಂದು. ಕ್ಲಸ್ಟರಿಗೆ ಒಬ್ಬರಾದರೂ ಪೂರ್ಣಾವಧಿ ಗ್ರಂಥಪಾಲಕರು ಇರಲಿ, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಹೋಗಲಿ ಅನ್ನೋದು ನಾನು ಕೇಳೋ ಕನಿಷ್ಠ ಬೇಡಿಕೆ. ನಿಮ್ಮ ಶಾಸಕರು ಮುಂದಿನ ಸಲ ಶಾಲೆಗೆ ಪುಸ್ತಕ ಕೊಡುಗೆ ಅಂತ ಫೋಟೊ ಹಾಕಿದಾಗ ಕಾಮೆಂಟಿನಲ್ಲಿ ಇದನ್ನು ಕೇಳಿ. ವೇಳಾಪಟ್ಟಿಯಲ್ಲಿ ಲೈಬ್ರರಿ ಪೀರಿಯಡ್ ಇದೆಯಾ, ಹೋದ ವರ್ಷ ಎಷ್ಟು ಸಲ ಪುಸ್ತಕ ಹೊರಗೆ ಹೋಯ್ತು, ಅನುದಾನದಲ್ಲಿ ಪುಸ್ತಕ ಆರಿಸಿದ್ದು ಶಾಲೆಯವರಾ ಅಥವಾ ಮೇಲಿಂದ ಕಟ್ಟು ಬಂತಾ: ಮಾಹಿತಿ ಹಕ್ಕಿನಲ್ಲಿ ಇಷ್ಟು ಕೇಳೋಕೆ 10 ರೂಪಾಯಿ ಸಾಕು.

ಆ ಮೇಡಂ ಜೊತೆ ಈಗಲೂ ಮಾತಾಡ್ತಿರ್ತೀನಿ. 215ನೇ ನಿಯಮದ ಪ್ರತಿ ಕಳಿಸಿದ್ದೆ. ಎಸ್‌ಡಿಎಂಸಿಯಲ್ಲಿ ಓದಿ ಹೇಳಿ, ಸಹಿ ಹಾಕಿಸಿಕೊಂಡರಂತೆ. ಬೀರುವಿನಿಂದ ಪುಸ್ತಕ ತೆಗೆದು ವರಾಂಡದಲ್ಲಿ ಹಗ್ಗ ಕಟ್ಟಿ ನೇತುಹಾಕಿದ್ದಾರೆ. ಕಂಪ್ಯೂಟರ್ ಇದ್ದ ಟೇಬಲ್ ಮೇಲೆ ಈಗ ಉದ್ದ ನೋಟ್‌ಬುಕ್ ಇದೆ. ಮೊನ್ನೆ ಫೋನ್ ಮಾಡಿದಾಗ, "ಈ ವರ್ಷ ಏಳು ಪುಸ್ತಕ ಹೋಗಿವೆ ಸರ್. ಅದರಲ್ಲಿ ಮೂರು ಒಂದೇ ಹುಡುಗಿ ಮನೇಲಿವೆ. ನನಗೆ ಗೊತ್ತು. ಇನ್ನೂ ಕೇಳೋಕೆ ಹೋಗಿಲ್ಲ" ಅಂದರು.